ವಿಜಯಘಾಟಿನಲ್ಲಿ ನಮ್ಮತ್ತೆಯ ಉದ್ಯಾಪನೆ

ನಮ್ಮತ್ತೆ ಸೀತಮ್ಮನವರು ಸೋಮವಾರ ರಾತ್ರಿ ಊಟ ಮಾಡುವುದಿಲ್ಲ ಎನ್ನುವುದು ನಾನು ಮದುವೆಯಾಗಿ ಜೀವನ್ ಬಿಮಾ ನಗರದ ಈ ಮನೆಗೆ ಬಂದ ಮೊದಲ ವಾರವೇ ತಿಳಿಯಿತು. "ಅಮ್ಮಂದು ಸೋಮವಾರದ ವ್ರತ, ಬಲವಂತ ಮಾಡ್ಬೇಡ" ಎಂದು ನನ್ನ ಗಂಡ ಶ್ರೀಹರಿ ಹೇಳಿದ್ದರು. ವ್ರತ ನನಗೆ ಹೊಸದಲ್ಲ. ತವರಿನಲ್ಲಿ ನನ್ನಜ್ಜಿಯೂ ಸೋಮವಾರ ಮಾಡುತ್ತಿದ್ದರು. ಹಗಲೆಲ್ಲ ಉಪವಾಸವಿದ್ದು, ಸಂಜೆ ಶಿವನ ಗುಡಿಗೆ ಹೋಗಿಬಂದು ಆಮೇಲೆ ಉಣ್ಣುತ್ತಿದ್ದರು. ನಮ್ಮತ್ತೆಯದು ತಲೆಕೆಳಗು. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಹುಳಿಯನ್ನ, ನಾಲ್ಕು ಗಂಟೆಗೆ ಕಾಫಿಯ ಜೊತೆ ಎರಡು ಕೋಡುಬಳೆ, ಎಲ್ಲ ಸಾಂಗವಾಗಿ ನಡೆಯುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಬಾಯಿ ಬಂದ್. ಕೋಡುಬಳೆಗೆ ಒಪ್ಪುವ ಶಿವ ಅನ್ನಕ್ಕೆ ಯಾಕೆ ಒಪ್ಪುವುದಿಲ್ಲವೋ ಎಂದು ನನಗೆ ನಗು ಬರುತ್ತಿತ್ತು. ಹೊಸ ಸೊಸೆ, ಕೇಳಲಿಲ್ಲ. ಆಗಲೇ ಕೇಳಿದ್ದರೆ ಎಷ್ಟೋ ಒದ್ದಾಟ ತಪ್ಪುತ್ತಿತ್ತು.

ಇನ್ನೊಂದು ಪದ್ಧತಿಯೂ ಇತ್ತು. ಸೋಮವಾರ ಸಂಜೆ ನಾನು ಅಕ್ಕಿ ತೊಳೆಯುವ ಮೊದಲು ಅತ್ತೆ ಬಂದು ಒಂದು ಹಿಡಿ ಅಕ್ಕಿ ತೆಗೆದು, ಹಳೆಯ ಬಿಸ್ಕತ್ತಿನ ತಗಡಿನ ಡಬ್ಬಕ್ಕೆ ಹಾಕುತ್ತಿದ್ದರು. ಅದು ಅವರು ಬಿಟ್ಟ ಊಟದ ಪಾಲು. ತಿಂಗಳ ಕೊನೆಗೆ ಅದಕ್ಕೆ ಇನ್ನೊಂದಿಷ್ಟು ಸೇರಿಸಿ ಮನೆಗೆಲಸಕ್ಕೆ ಬರುವವರಿಗೆ ಕೊಡುತ್ತಿದ್ದರು. ನಾನು ಬಂದ ಹೊಸತರಲ್ಲಿ ಗೋವಿಂದಮ್ಮ ಒಯ್ಯುತ್ತಿದ್ದಳು. ಈಗ ಜಟ್ಟೆಮ್ಮ ಒಯ್ಯುತ್ತಾಳೆ. ಯಾದಗಿರಿ ಕಡೆಯವಳು, ದೊಮ್ಮಲೂರಿನಲ್ಲಿ ಒಂದು ರೂಮು ಬಾಡಿಗೆ ಹಿಡಿದು ಗಂಡ ಮಕ್ಕಳ ಜೊತೆ ಇದ್ದಾಳೆ.

ಅತ್ತೆ ಹುಟ್ಟಿ ಬೆಳೆದದ್ದು ಹಲಸೂರಿನಲ್ಲಿ, ಸೋಮೇಶ್ವರ ದೇವಸ್ಥಾನದ ಹಿಂದಿನ ಗಲ್ಲಿಯಲ್ಲಿ. ಅವರ ತಂದೆ ಮಿಲಿಟರಿ ಡಿಪೋದಲ್ಲಿ ಗುಮಾಸ್ತರು. ಮನೆಯೊಳಗೆ ಕನ್ನಡ, ಎದುರು ಮನೆಯವರೊಂದಿಗೆ ತಮಿಳು, ಪಕ್ಕದ ಮನೆಯ ಗೆಳತಿ ಜಹನಾರಾ ಜೊತೆ ದಖ್ಖನಿ. ಈಗಲೂ ಸೊಪ್ಪಿನವನ ಹತ್ತಿರ ಮೂರು ಭಾಷೆಯಲ್ಲಿ ಚೌಕಾಸಿ ಮಾಡಿ, ಮೂರರಲ್ಲೂ ಗೆಲ್ಲುತ್ತಾರೆ. ಇಪ್ಪತ್ತೆರಡನೆಯ ವಯಸ್ಸಿಗೆ ವಿಮಾ ಕಚೇರಿಯ ನೌಕರರೊಬ್ಬರನ್ನು ಮದುವೆಯಾಗಿ ಈ ಕಡೆ ಬಂದರು. ಆಗ ಇಂದಿರಾನಗರದ ನೂರಡಿ ರಸ್ತೆಯಲ್ಲಿ ನೂರಡಿ ಮಾತ್ರ ಇತ್ತಂತೆ, ಜನ ಇರಲಿಲ್ಲವಂತೆ. ನಮ್ಮ ಮಾವ ಹೋಗಿ ಹನ್ನೊಂದು ವರ್ಷವಾಯಿತು. ಅತ್ತೆಗೆ ಈಗ ಎಪ್ಪತ್ತೆರಡು ದಾಟಿದೆ.

ಹೋದ ದಸರಾ ಕಳೆದ ಮೇಲೆ ಒಂದು ಮಂಗಳವಾರ ಬೆಳಿಗ್ಗೆ ಹಾಲು ಕಾಯಿಸಲು ಹೋದ ನಾನು ಅಡುಗೆಮನೆಯ ನೆಲದ ಮೇಲೆ ಅತ್ತೆಯನ್ನು ಕಂಡೆ. ಮೈಯೆಲ್ಲ ಬೆವರು, ಕಣ್ಣು ತೆರೆದಿದ್ದರೂ ಗುರುತಿಲ್ಲ. ಶ್ರೀಹರಿಯನ್ನು ಎಬ್ಬಿಸಿ ಆಸ್ಪತ್ರೆಗೆ ಓಡಿದೆವು. ಸಕ್ಕರೆ ಕಾಯಿಲೆಗೆ ಅವರಿಗೆ ಇನ್ಸುಲಿನ್ ಶುರುವಾಗಿ ಒಂದು ತಿಂಗಳಾಗಿತ್ತು. ನರ್ಸಿಂಗ್ ಹೋಮಿನ ಡಾಕ್ಟರು ಎಲ್ಲ ಕೇಳಿಕೊಂಡು ಮುಖ ಗಂಟಿಕ್ಕಿದರು.

"ಇನ್ಸುಲಿನ್ ತಗೊಂಡು ರಾತ್ರಿ ಊಟ ಬಿಟ್ರೆ ಹೀಗೇ ಆಗೋದು. ಈ ಸಲ ಬೆಳಿಗ್ಗೆ ನೋಡಿದ್ರಿ, ಬದುಕಿದ್ರು. ಇನ್ನೊಂದು ಸಲ ಇದೇ ಅದೃಷ್ಟ ಇರತ್ತೆ ಅಂತ ನಾನು ಹೇಳೋಕಾಗಲ್ಲ."

ಅತ್ತೆ ತಲೆಯಾಡಿಸಿದರು. ಮುಂದಿನ ಸೋಮವಾರ ಸಂಜೆ ಬಂದು, ಹಿಡಿ ಅಕ್ಕಿ ಡಬ್ಬಕ್ಕೆ ಹಾಕಿ, ಊಟಕ್ಕೆ ಮಾತ್ರ ಬರಲಿಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವಂತಾಯಿತು ನಮ್ಮ ಸಂಸಾರ. ಆ ರಾತ್ರಿ ನಾನು ಎರಡೆರಡು ಗಂಟೆಗೆ ಅಲಾರಂ ಇಟ್ಟುಕೊಂಡು ಎದ್ದು ಅವರ ಬೆರಳು ಚುಚ್ಚಿ ಸಕ್ಕರೆ ನೋಡಿದೆ. ಹೀಗೆ ಎಷ್ಟು ಸೋಮವಾರ ಕಾಯಲು ಸಾಧ್ಯ?

ವ್ರತವನ್ನು ನಡುವೆ ಬಿಡಬಾರದು, ಉದ್ಯಾಪನೆ ಮಾಡಿ ಮುಗಿಸಬೇಕು ಎನ್ನುವುದು ನಮ್ಮ ಕಡೆಯ ರೂಢಿ. ದೇವರಿಗೆ ಹೇಳಿ, ಪೂಜೆ ಮಾಡಿಸಿ, ನಾಲ್ಕು ಜನಕ್ಕೆ ಊಟ ಹಾಕಿ ಲೆಕ್ಕ ಚುಕ್ತಾ ಮಾಡಿಕೊಂಡು ಬಂದರೆ ಯಾರ ಮನಸ್ಸಿಗೂ ಕೊರಗಿಲ್ಲ. ಕಾರ್ತಿಕ ಸೋಮವಾರ ಹತ್ತಿರದಲ್ಲೇ ಇತ್ತು. ಅತ್ತೆಯ ತವರಿನ ದೇವರು ಹಲಸೂರಿನ ಸೋಮೇಶ್ವರನೇ ಇದ್ದಾನಲ್ಲ ಎಂದು ಅಲ್ಲಿಯೇ ರುದ್ರಾಭಿಷೇಕ ಮಾಡಿಸಿದೆವು. ದಂಪತಿಗೆ ಸೀರೆ ಪಂಚೆ ಕೊಟ್ಟೆವು. ಮನೆಗೆ ಬಂದು ಅತ್ತೆ ಎಲ್ಲರೆದುರು ಎರಡು ಹೋಳಿಗೆ ತಿಂದರು. ಶ್ರೀಹರಿಗೆ ಕಣ್ಣಲ್ಲಿ ನೀರು ಬಂತು. ಮಧ್ಯಾಹ್ನದ ಊಟ ಅದು ಎಂದು ಯಾರಿಗೂ ಹೊಳೆಯಲಿಲ್ಲ.

ಅದೇ ಸಂಜೆ ಅತ್ತೆ ಡಬ್ಬಕ್ಕೆ ಅಕ್ಕಿ ಹಾಕಿ ರೂಮಿಗೆ ಹೋದರು.

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ನನ್ನ ಆಫೀಸಿನಲ್ಲಿ ಯಾರನ್ನು ಬೇಕಾದರೂ ಕೇಳಿ. ತಟ್ಟೆ ಹಿಡಿದುಕೊಂಡೇ ಒಳಗೆ ಹೋದೆ.

"ಅತ್ತೆ, ಇವತ್ತು ಬೆಳಿಗ್ಗೆಯಿಂದ ನಾವೆಲ್ಲ ಮಾಡಿದ್ದೇನು ನಾಟಕಾನಾ? ಶಿವ ಬಿಟ್ಟಾಯ್ತು, ಪುರೋಹಿತರು ಬಿಟ್ಟಾಯ್ತು. ಇನ್ನು ಯಾರು ಬಿಡ್ಬೇಕು ನಿಮ್ಮನ್ನ?"

ಅತ್ತೆ ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗಿಯ ಹಾಗೆ ಸೆರಗಿನ ಅಂಚು ತಿರುವಿದರು.

"ಅದು ಶಿವಂಗಲ್ಲ ಕಣೇ ವಿನುತಾ."

"ಮತ್ಯಾರಿಗೆ?"

"ಶಾಸ್ತ್ರಿಗಳಿಗೆ."

"ಯಾವ ಶಾಸ್ತ್ರಿಗಳು? ನಮ್ಮ ಪುರೋಹಿತರಾ?"

"ಪ್ರೈಮ್ ಮಿನಿಸ್ಟರ್ ಕಣೇ. ಲಾಲ್ ಬಹದ್ದೂರ್ ಶಾಸ್ತ್ರಿ."

ನಾನು ತಟ್ಟೆ ಇಟ್ಟು ಮಂಚದ ಮೇಲೆ ಕುಳಿತೆ. ಅತ್ತೆ ಹೇಳುತ್ತ ಹೋದರು. ಅರವತ್ತೈದನೇ ಇಸವಿ. ಯುದ್ಧ ನಡೆದಿತ್ತು, ದೇಶದಲ್ಲಿ ಧಾನ್ಯಕ್ಕೆ ಬರ. ವಾರಕ್ಕೆ ಒಂದು ಹೊತ್ತು ಊಟ ಬಿಡಿ, ಆ ಅನ್ನ ಇಲ್ಲದವರಿಗಾಗಲಿ ಎಂದು ಪ್ರಧಾನಿ ಕೇಳಿಕೊಂಡರು. ಸೋಮವಾರ ಸಂಜೆ ಎಂದಾಯಿತು. ಶಾಲೆಯಲ್ಲಿ ಟೀಚರು ಅದನ್ನು ಓದಿ ಹೇಳಿ, ಯಾರು ಯಾರು ಬಿಡ್ತೀರಿ, ಕೈ ಎತ್ತಿ ಅಂದರು. ಹದಿಮೂರು ವರ್ಷದ ಸೀತೆ ಎತ್ತಿದಳು. ಪಕ್ಕದಲ್ಲಿ ಕುಳಿತಿದ್ದ ಜಹನಾರಾಳೂ ಎತ್ತಿದಳು. ಮನೆಗೆ ಬಂದು ಹೇಳಿದಾಗ ತಂದೆ ಬೈಯಲಿಲ್ಲ. ಡಿಪೋದ ಗುಮಾಸ್ತರಲ್ಲವೇ, ಒಂದು ಮಾತು ಹೇಳಿದರು: ಕೈ ಎತ್ತಿದ ಮೇಲೆ ಅದು ಆರ್ಡರು, ಹಿಂದಕ್ಕೆ ತಗೊಂಡಿದೀವಿ ಅಂತ ಇನ್ನೊಂದು ಆರ್ಡರು ಬರೋವರೆಗೂ ನಡೀಬೇಕು.

"ಆಮೇಲೆ ನಾಲ್ಕು ತಿಂಗಳೂ ಆಗಲಿಲ್ಲ, ಜನವರೀಲಿ ಶಾಸ್ತ್ರಿಗಳೇ ಹೋಗ್ಬಿಟ್ರು. ಇನ್ನು ಸಾಕು ಅಂತ ಹೇಳೋಕೆ ಯಾರೂ ಉಳೀಲಿಲ್ಲ" ಎಂದರು ಅತ್ತೆ.

"ಮದುವೆ ಆದ್ಮೇಲಾದ್ರೂ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನಿಮ್ಮಾವ ನಗ್ತಿದ್ರು, ಅವರಮ್ಮ ಬಿಡಿಸ್ತಿದ್ರು. ಸೋಮವಾರ ಅಂದೆ. ಶಿವ ಅಂತ ಅವರೇ ಅಂದ್ಕೊಂಡ್ರು. ಸುಮ್ನಾದೆ."

"ಇವತ್ತು ರುದ್ರಾಭಿಷೇಕ ಮಾಡಿಸ್ವಾಗ?"

"ಅಷ್ಟು ಆಸೆಯಿಂದ ಮಾಡಿದ್ರಿ. ಶಿವಂಗೆ ಅಭಿಷೇಕ ಬೇಡ ಅನ್ನೋಕಾಗತ್ತಾ?"

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡಿದೆ. ಕೇಳಿಸಿಕೊಂಡ ದೇಶವೇ ಮರೆತುಹೋದ ಮಾತನ್ನು ಒಬ್ಬ ಹೆಂಗಸು ಐವತ್ತೊಂಬತ್ತು ವರ್ಷ ಯಾರಿಗೂ ಹೇಳದೆ, ಯಾರಿಂದಲೂ ಶಹಬಾಸ್ ಬೇಡದೆ ನಡೆಸಿದ್ದರು. ಅದನ್ನು ನಾನು ಕೋಡುಬಳೆ ವ್ರತ ಎಂದು ಒಳಗೊಳಗೇ ಹಾಸ್ಯ ಮಾಡಿಕೊಂಡಿದ್ದೆ. ನಾಚಿಕೆಯಾಯಿತು. ಆದರೆ ನಾಚಿಕೆಯಿಂದ ಸಕ್ಕರೆ ಸರಿಹೋಗುವುದಿಲ್ಲ.

ಶ್ರೀಹರಿ ತಲೆ ಚಚ್ಚಿಕೊಂಡರು. ತಾಯಿಯ ಮುಂದೆ ಕುಳಿತು ಒಂದು ಗಂಟೆ ವಾದ ಮಾಡಿದರು, ಪ್ರಯೋಜನವಾಗಲಿಲ್ಲ. ಕೊನೆಗೆ ನಾನು ಶಿವಾಜಿನಗರಕ್ಕೆ ಜಹನಾರಾ ಅವರ ಮನೆಗೆ ಹೋದೆ. ಮೊಮ್ಮಗಳಿಗೆ ಜಡೆ ಹಾಕುತ್ತ ಕುಳಿತಿದ್ದರು. ವಿಷಯ ಕೇಳಿ ಬಾಚಣಿಗೆ ಕೆಳಗಿಟ್ಟರು.

"ಯಾ ಅಲ್ಲಾ, ಆ ಹುಚ್ಚಿ ಇನ್ನೂ ಬಿಟ್ಟಿಲ್ವಾ? ನಾನು ಮೊದಲ್ನೇ ಬಸುರಿ ಆದಾಗ ನಮ್ಮಮ್ಮಿ ಎರಡು ಏಟು ಹಾಕಿ ಬಿಡಿಸಿದ್ರು." ಮೊಮ್ಮಗಳನ್ನು ಆಡಲು ಕಳಿಸಿ ಅವರೇ ಹೇಳಿದರು. "ನೋಡಮ್ಮಾ, ಒಂದು ದರ್ಗಾದಲ್ಲಿ ಮನ್ನತ್ ಹೊತ್ಕೊಂಡು ಇನ್ನೊಂದು ದರ್ಗಾದಲ್ಲಿ ಚಾದರ ಹೊದಿಸಿದ್ರೆ ಆಗತ್ತಾ? ಯಾರಿಗೆ ಮಾತು ಕೊಟ್ಟಿದಾಳೋ ಅವರ ಹತ್ರಾನೇ ಕರ್ಕೊಂಡು ಹೋಗು."

ಇಷ್ಟು ಸರಳ ಮಾತು ನಮ್ಮ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಶಾಸ್ತ್ರಿಗಳ ಸಮಾಧಿ ದೆಹಲಿಯಲ್ಲಿ, ಯಮುನೆಯ ದಡದ ವಿಜಯಘಾಟಿನಲ್ಲಿದೆ. ಅತ್ತೆಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ.

"ಸೋಮವಾರ ಹೋಗೋಣ್ವಾ?"

ಶ್ರೀಹರಿಗೆ ಆಡಿಟ್ ಇತ್ತು. ಫೆಬ್ರವರಿಯ ಒಂದು ಸೋಮವಾರ ಬೆಳಗಿನ ವಿಮಾನಕ್ಕೆ ಅತ್ತೆ ಸೊಸೆ ಇಬ್ಬರೇ ಹೊರಟೆವು. ಅತ್ತೆಯ ಕೈಚೀಲದಲ್ಲಿ ಒಂದು ಡಬ್ಬಿ ಮೊಸರನ್ನ, ಒಂದು ಪೊಟ್ಟಣ ಹೇರಳೆಕಾಯಿ ಉಪ್ಪಿನಕಾಯಿ ಇತ್ತು. ಸಮಾಧಿಯ ಮುಂದೆ ಕುಳಿತು, ದೀಪ ಹಚ್ಚುವ ಹೊತ್ತಿಗೆ ಮೊದಲ ತುತ್ತು ತಿನ್ನುವುದು ಅವರ ಯೋಜನೆ. ದೆಹಲಿಯ ಆಟೋದವನು ನಮ್ಮನ್ನು ನೇರ ಗಾಂಧಿ ಸಮಾಧಿಗೆ ಒಯ್ದು ನಿಲ್ಲಿಸಿದ. ಬೆಂಗಳೂರಿನಿಂದ ಬಂದವರು ಇನ್ನೆಲ್ಲಿಗೆ ಹೋಗುತ್ತಾರೆ ಎಂದುಕೊಂಡಿರಬೇಕು. ಅತ್ತೆ ಆಟೋದಲ್ಲೇ ಕುಳಿತು ಕೈ ಮುಗಿದು, "ಇವರಿಗೆ ನಾನು ಏನೂ ಬಾಕಿ ಇಟ್ಕೊಂಡಿಲ್ಲ, ಮುಂದೆ ನಡಿ ಅನ್ನು" ಎಂದರು.

ವಿಜಯಘಾಟಿನಲ್ಲಿ ಜನವೇ ಇರಲಿಲ್ಲ. ಹುಲ್ಲಿನ ಬಯಲು, ಮರಗಳು, ನಡುವೆ ಕಲ್ಲಿನ ಕಟ್ಟೆ. ಅತ್ತೆ ಸುತ್ತ ನೋಡಿ, "ನದಿ ಎಲ್ಲೇ?" ಎಂದರು. ನದಿ ದೂರ ಸರಿದಿದೆ, ಇಲ್ಲಿಂದ ಕಾಣುವುದಿಲ್ಲ ಎಂದು ಬಾಗಿಲಲ್ಲಿದ್ದ ಗಾರ್ಡ್ ಹೇಳಿದ. ಮೂವತ್ತರೊಳಗಿನ ಯುವಕ, ಅಂಗಿಯ ಮೇಲೆ ನಿತೀಶ್ ಎಂದು ಬರೆದಿತ್ತು. ಚೀಲ ನೋಡಿ ಮೊಸರನ್ನದ ಡಬ್ಬಿಯ ಮೇಲೆ ಬೆರಳಿಟ್ಟು, ಒಳಗೆ ತಿನ್ನುವ ಹಾಗಿಲ್ಲ ಎಂದ. ಡಬ್ಬಿ ತನ್ನ ಕುರ್ಚಿಯ ಕೆಳಗೆ ಇಟ್ಟುಕೊಂಡ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇದಕ್ಕೇ ಎಂದು ಗೊಣಗಿದೆ.

ಅತ್ತೆ ಚಪ್ಪಲಿ ಬಿಟ್ಟು ಕಟ್ಟೆಯ ಹತ್ತಿರ ಹೋದರು. ಮಂಡಿ ನೋವಿನವರು, ನೆಲಕ್ಕೆ ಹಣೆ ಮುಟ್ಟಿಸಲು ನನ್ನ ಭುಜ ಹಿಡಿಯಬೇಕಾಯಿತು. ಕಣ್ಣು ಮುಚ್ಚಿ ಬಹಳ ಹೊತ್ತು ಕುಳಿತರು. ತುಟಿ ಅಲ್ಲಾಡುತ್ತಿತ್ತು. ಬಿಸಿಲು ಮರದ ಮೇಲಕ್ಕೆ ಏರಿತು. ನಾನು ಗಡಿಯಾರ ನೋಡಿದೆ. ಅವರ ಸಂಜೆಯ ಇನ್ಸುಲಿನ್ ಸೂಜಿಗೆ, ಊಟಕ್ಕೆ ಹೊತ್ತಾಗುತ್ತಿತ್ತು.

ಕೊನೆಗೆ ಅತ್ತೆ ಕಣ್ಣು ತೆರೆದರು. ಮುಖ ಬಾಡಿತ್ತು.

"ಎಲ್ಲಾ ಹೇಳ್ಕೊಂಡೆ. ಬಿಡು ಅಂತ ಒಳಗಿಂದ ಏನೂ ಬರಲಿಲ್ಲ ಕಣೇ. ಸುಳ್ಳು ಹೇಳೋಕಾಗಲ್ಲ. ನಡಿ, ಹೋಗೋಣ."

ಅಷ್ಟು ದೂರ ಬಂದು ಬರಿಗೈಯಲ್ಲಿ ಹೋಗುವುದೇ? ಇನ್ನು ಪ್ರತಿ ಸೋಮವಾರ ನಾನು ಅಲಾರಂ ಇಟ್ಟುಕೊಂಡು ಈ ಮುದುಕಿಯ ಬೆರಳು ಚುಚ್ಚುತ್ತ, ಒಂದು ಮಂಗಳವಾರ ತಡವಾಗಿ ಎದ್ದು ಇವರನ್ನು ಕಳೆದುಕೊಳ್ಳುವುದೇ? ನನ್ನ ತಲೆ ಕೆಟ್ಟುಹೋಯಿತು. ಕಟ್ಟೆಯ ಕಡೆ ತಿರುಗಿ ಅಚ್ಚಗನ್ನಡದಲ್ಲಿ ಜೋರಾಗಿ ಬೈದುಬಿಟ್ಟೆ.

"ಸ್ವಾಮಿ, ದೊಡ್ಡವರು ನೀವು. ಹದಿಮೂರು ವರ್ಷದ ಹುಡುಗಿ ಕೈ ಎತ್ತಿದ್ಲು ಅಂತ ಜೀವ ಹೋಗೋವರೆಗೂ ಹಿಡ್ಕೋಬೇಕಾ? ಕೇಳೋಕೆ ಬಂತು, ಸಾಕು ಅನ್ನೋಕೆ ಬರಲ್ವಾ ನಿಮಗೆ?"

"ಹಾಗೆಲ್ಲ ಅನ್ಬಾರ್ದು ಕಣೇ" ಎಂದು ಅತ್ತೆ ನನ್ನ ಕೈ ಹಿಡಿದರು. ಗಾರ್ಡ್ ಓಡಿಬಂದ. ನನ್ನ ಕಣ್ಣೀರು, ಅತ್ತೆಯ ಮುಖ ನೋಡಿ, ಏನಾಯಿತು ಎಂದು ಮೆಲ್ಲಗೆ ಕೇಳಿದ. ನನಗೆ ಹಿಂದಿ ಬಾಯಿಗೇ ಬರಲಿಲ್ಲ. ಅತ್ತೆಗೆ ಬಂತು, ಹಲಸೂರಿನ ಗಲ್ಲಿಯ ದಖ್ಖನಿ.

"ಶಾಸ್ತ್ರೀಜಿ ಬೋಲೇ ಥೇ ನಾ ಬೇಟಾ, ಸೋಮವಾರ್ ಶಾಮ್ ಕು ಖಾನಾ ನಕ್ಕೋ ಬೋಲ್ಕೆ. ಮೈಂ ಹಾಥ್ ಉಠಾಯಿ. ಅಬ್ ತಕ್ ನೈ ಖಾಯಿ."

ಬೇಡ ಎನ್ನಲು ಅತ್ತೆ ಹೇಳಿದ ನಕ್ಕೋ ಎಂಬ ಮಾತಿಗೆ ಅವನಿಗೆ ಮೊದಲು ನಗು ಬಂತು. ಯಾವಾಗ ಹೇಳಿದ್ದು ಎಂದು ಕೇಳಿದ. ಅರವತ್ತೈದರಲ್ಲಿ ಎಂದು ಅತ್ತೆ ಹೇಳಿದ ಮೇಲೆ ನಗು ನಿಂತಿತು. ಯುದ್ಧ ಆಗಲೇ ಮುಗಿಯಿತಲ್ಲ ಅಮ್ಮಾಜಿ, ಹೋಗಿ ಊಟ ಮಾಡಿ ಎಂದ. ಅತ್ತೆ ತಲೆಯಾಡಿಸಿದರು. ಯುದ್ಧ ಮುಗಿದರೆ ಆರ್ಡರು ಮುಗಿಯುವುದಿಲ್ಲ, ನಮ್ಮಪ್ಪ ಮಿಲಿಟರಿ ಡಿಪೋದಲ್ಲಿದ್ದರು, ನನಗೆ ಗೊತ್ತು ಎಂದರು. ಹಿಂದಕ್ಕೆ ತೆಗೆದುಕೊಳ್ಳುವ ಆರ್ಡರನ್ನು ನಿಂತು, ಹೆಸರು ಕೂಗಿ, ಗಟ್ಟಿಯಾಗಿ ಓದಿ ಹೇಳಬೇಕು ಎಂದೂ ಸೇರಿಸಿದರು.

ನಿತೀಶ್ ಒಂದು ಹೆಜ್ಜೆ ಹತ್ತಿರ ಬಂದ. ತನ್ನ ತಂದೆಯೂ ಸೇನೆಯಲ್ಲಿ ಹವಲ್ದಾರರಾಗಿದ್ದರು, ಅವರೂ ಹೀಗೇ ಹೇಳುತ್ತಿದ್ದರು ಎಂದ. ತಾನು ಮಾತ್ರ ಮೂರು ಸಲ ಸೇನೆಯ ಆಯ್ಕೆಗೆ ಓಡಿ ಮೂರು ಸಲವೂ ಎತ್ತರ ಸಾಲದೆ ವಾಪಸ್ಸು ಬಂದವನು. "ಮೈಂ ಫೌಜಿ ನಹೀಂ ಹೂಂ, ಅಮ್ಮಾಜಿ. ಸಿರ್ಫ್ ಗಾರ್ಡ್ ಹೂಂ."

"ಇಲ್ಲಿ ಅವರನ್ನ ಕಾಯೋನು ನೀನೇ ತಾನೇ?" ಎಂದರು ಅತ್ತೆ. ಕನ್ನಡದಲ್ಲೇ ಎಂದರು. ಅವನಿಗೆ ಹೇಗೋ ಅರ್ಥವಾಯಿತು.

ಅವನು ಟೋಪಿ ಸರಿಮಾಡಿಕೊಂಡ. ಅಂಗಿಯ ಗುಂಡಿ ಹಾಕಿಕೊಂಡ. ಅತ್ತೆಯ ಹೆಸರು, ಊರು ಕೇಳಿ ಒಂದು ಸಲ ಬಾಯಿಪಾಠ ಮಾಡಿದ. ಆಮೇಲೆ ಸಮಾಧಿಯ ಕಡೆ ತಿರುಗಿ, ಕಾಲು ಜೋಡಿಸಿ ಸಲ್ಯೂಟ್ ಹೊಡೆದು, ಅಪ್ಪಣೆ ಕೇಳುವವನಂತೆ ಸ್ವಲ್ಪ ಹೊತ್ತು ಹಾಗೇ ನಿಂತ. ಮೂವರೂ ನಿಂತೆವು. ಅವನು ಅತ್ತೆಯ ಕಡೆ ತಿರುಗಿದ.

"ಸೀತಮ್ಮಾ! ಬೆಂಗಳೂರು! ಸೋಮವಾರ್ ಶಾಮ್ ಕಾ ಉಪವಾಸ್, ಆಜ್ ಸೇ ರದ್ದ್! ಆಪ್ ಕೀ ಡ್ಯೂಟಿ ಪೂರೀ ಹುಯೀ!"

ನಿಮ್ಮ ಕೆಲಸ ಪೂರ್ತಿಯಾಯಿತು. ಆ ಮಾತನ್ನು ಅಷ್ಟು ವರ್ಷದಲ್ಲಿ ಅವರಿಗೆ ಯಾರೂ ಹೇಳಿರಲಿಲ್ಲ. ನೆಟ್ಟಗೆ ನಿಂತಿದ್ದ ಅತ್ತೆ, ಎತ್ತಿ ಹಿಡಿದಿದ್ದ ಏನನ್ನೋ ಇಳಿಸುವವರ ಹಾಗೆ ಎರಡೂ ಭುಜ ಸಡಿಲ ಬಿಟ್ಟರು. ಆಮೇಲೆ ಅತ್ತರು. ಸಣ್ಣ ಹುಡುಗಿಯರು ಅಳುವ ಹಾಗೆ, ಸದ್ದು ಮಾಡಿ ಅತ್ತರು. ನಾನು ಅವರನ್ನು ತಬ್ಬಿಕೊಂಡೆ. ಮದುವೆಯಾದ ಮೇಲೆ ಅದೇ ಮೊದಲ ಸಲ.

ಬಾಗಿಲ ಹೊರಗೆ ಕಲ್ಲುಬೆಂಚಿನ ಮೇಲೆ ಸೂಜಿ ಚುಚ್ಚಿ, ಡಬ್ಬಿ ತೆರೆದೆ. ಉದ್ಯಾಪನೆಗೆ ಒಬ್ಬರಿಗಾದರೂ ಊಟ ಹಾಕಬೇಕು ಎಂದು ಅತ್ತೆ ಹಟ ಹಿಡಿದರು. ಹಟ ಅವರಿಗೆ ಹೊಸದೇ? ಪಾಳಿ ಮುಗಿಸಿ ಬಂದ ನಿತೀಶನಿಗೆ ಮುಚ್ಚಳದಲ್ಲಿ ಬಡಿಸಿದೆ. ಅವನು ಸಾಸಿವೆ ಒಗ್ಗರಣೆಯ ಅನ್ನ ಖುಷಿಯಿಂದ ತಿಂದ. ಹೇರಳೆಕಾಯಿ ಬಾಯಿಗೆ ಹಾಕಿಕೊಂಡು ಮಾತ್ರ ಮುಖ ಹುಳ್ಳಗೆ ಮಾಡಿದ. ಅತ್ತೆ ಮೊದಲ ತುತ್ತನ್ನು ಕೈಯಲ್ಲಿ ಹಿಡಿದುಕೊಂಡು ನನ್ನ ಮುಖ ನೋಡಿದರು. ಎಲ್ಲ ಸೋಮವಾರಗಳ ಹಸಿವೂ ಒಟ್ಟಿಗೆ ಬಂದಿತ್ತೋ ಏನೋ, ನನಗೆ ಒಂದು ತುತ್ತೂ ಉಳಿಸಲಿಲ್ಲ. ನಾನು ಏರ್‌ಪೋರ್ಟಿನಲ್ಲಿ ಒಂದು ಸಮೋಸ ತಿಂದೆ, ಅಷ್ಟು ರುಚಿಯಾದ ಸಮೋಸ ನಾನು ತಿಂದದ್ದಿಲ್ಲ.

ಊರಿಗೆ ಬಂದ ಮರುದಿನ ಅತ್ತೆ ಜಹನಾರಾ ಅವರಿಗೆ ಫೋನ್ ಮಾಡಿ ಒಂದು ಗಂಟೆ ಮಾತಾಡಿದರು. "ಮೇರಾ ರದ್ದ್ ಹೋಗಯಾ, ತೂ ತೋ ಭಾಗ್ ಗಯೀ ಥೀ" ಎಂದು, ನಡುವೆಯೇ ಓಡಿಹೋದ ಗೆಳತಿಯನ್ನು ಛೇಡಿಸಿದ್ದು ನನಗೆ ಅಡುಗೆಮನೆಯವರೆಗೂ ಕೇಳಿಸಿತು.

ಮುಂದಿನ ಸೋಮವಾರ ಬೆಳಿಗ್ಗೆ ಜಟ್ಟೆಮ್ಮ ನೆಲ ಒರೆಸುತ್ತ, ತಗಡಿನ ಡಬ್ಬದ ಕಡೆ ಒಮ್ಮೆ ನೋಡಿದಳು.

"ಅಮ್ಮಾರು ಇನ್ನ ರಾತ್ರಿ ಊಟ ಮಾಡ್ತಾರಂತಲ್ರೀ ಅಕ್ಕಾರ. ಚಲೋ ಆತ್ ಬಿಡ್ರಿ" ಎಂದಳು. ಬೇರೆ ಏನೂ ಕೇಳಲಿಲ್ಲ. ಅವಳು ಕೇಳುವವಳೂ ಅಲ್ಲ.

ಸಂಜೆ ಕುಕ್ಕರಿಗೆ ಅಕ್ಕಿ ಅಳೆಯಲು ನಿಂತೆ. ಈ ಸಲ ಅತ್ತೆಯ ಪಾಲೂ ಸೇರಿಸಿ ಅಳೆದೆ. ಅವರು ಊಟದ ಮೇಜಿನ ಹತ್ತಿರ ಕುಳಿತು ಬೀನ್ಸ್ ನಾರು ತೆಗೆಯುತ್ತಿದ್ದರು. ನಾನು ಅಕ್ಕಿಯ ಡಬ್ಬಕ್ಕೆ ಮತ್ತೆ ಕೈಹಾಕಿ ಒಂದು ಹಿಡಿ ತೆಗೆದು, ಬಿಸ್ಕತ್ತಿನ ಡಬ್ಬದ ಮುಚ್ಚಳ ತೆರೆದೆ. ಆ ಮುಚ್ಚಳ ಸದ್ದು ಮಾಡದೆ ತೆರೆಯುವುದೇ ಇಲ್ಲ. ಅತ್ತೆ ತಲೆಯೆತ್ತಿದರು.

"ಏನೇ ಅದು? ನೀನೂ ಊಟ ಬಿಡ್ತೀಯಾ?"

"ನಾನ್ಯಾಕೆ ಬಿಡ್ಲಿ? ನನ್ನ ಹೊಟ್ಟೆ ನನಗೆ ಬೇಕು. ಅಕ್ಕಿ ಮಾತ್ರ ಹಾಕ್ತಿದೀನಿ."

ಅತ್ತೆ ಕೈಯಲ್ಲಿದ್ದ ಬೀನ್ಸ್ ಕೆಳಗಿಟ್ಟರು.

"ನಿಂಗ್ಯಾರೇ ಕೊಟ್ರು ಆರ್ಡರು?"

"ಯಾರೂ ಕೊಟ್ಟಿಲ್ಲ ಅತ್ತೆ. ಅದಕ್ಕೇ ಯಾರೂ ಹಿಂದಕ್ಕೆ ತಗೊಳ್ಳೋ ಹಾಗೂ ಇಲ್ಲ. ನೀವು ತಟ್ಟೆ ಇಡಿ, ಊಟಕ್ಕೆ ಹೊತ್ತಾಯ್ತು."

ಅವರು ಎದ್ದು ತಟ್ಟೆ ಇಟ್ಟರು.